ಬಾವಿಗೆ ಬಿದ್ದ ಮುಯ್ಯಿ

ನನಗಿನ್ನೂ ಮದುವೆಯಾಗಿಲ್ಲ. ಆದರೆ ನನ್ನ ಮದುವೆಗೆ ಬರಬೇಕಾಗಿದ್ದ ಮುಯ್ಯಿ ಬಂದಾಗಿದೆ. ಬಂದದ್ದು ಖರ್ಚೂ ಆಗಿದೆ. ಒಡವೆಗಲ್ಲ, ಊಟಕ್ಕಲ್ಲ, ಮೂವತ್ತೆಂಟು ಅಡಿ ಆಳದ ಒಂದು ಸೇದುವ ಬಾವಿಗೆ. ಇದನ್ನು ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಮಧುಗಿರಿಯಲ್ಲಿ ಗೊತ್ತಾಗಬೇಕಾದವರಿಗೆಲ್ಲ ಗೊತ್ತಾಗಿದೆ, ಉಳಿದವರಿಗೆ ನಮ್ಮಮ್ಮ ಹೇಳಿದ್ದಾಳೆ.

ನಾನು ದಿನಚರಿ ಬರೆಯುವವಳು. ದಿನಚರಿ ಎಂದ ಕೂಡಲೇ ಮನಸ್ಸಿನ ಗುಟ್ಟುಗಳೆಲ್ಲ ಅದರೊಳಗಿರುತ್ತವೆ ಎಂದು ಆಸೆಪಟ್ಟರೆ ನಿರಾಶರಾಗುತ್ತೀರಿ. ಹೈಸ್ಕೂಲಿನಲ್ಲಿ ಗೆಳತಿಯೊಬ್ಬಳು ಅದನ್ನು ಕದ್ದು ಓದತೊಡಗಿ, ಮೂರನೇ ಪುಟಕ್ಕೇ ಆಕಳಿಸಿ, ಇದ್ದಲ್ಲೇ ಇಟ್ಟು ಹೋದಳು. ಅದರಲ್ಲಿರುವುದು ತಾರೀಖು ಮತ್ತು ಎಣಿಕೆ. ಕೊರಟಗೆರೆಯ ಒಂದು ಕಚೇರಿಯಲ್ಲಿ ನನ್ನದು ಗುಮಾಸ್ತೆ ಕೆಲಸ. ದಿನವೂ ಮಧುಗಿರಿಯಿಂದ ಖಾಸಗಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಳೆದ ವರ್ಷ ಶುಕ್ರವಾರಗಳಲ್ಲಿ ನನಗೆ ಕೂರಲು ಸೀಟು ಸಿಕ್ಕಿದ್ದು ಆರು ಸಲ. ಉಳಿದ ಶುಕ್ರವಾರಗಳೆಲ್ಲ ಗೊರವನಹಳ್ಳಿ ಲಕ್ಷ್ಮಿಯ ಭಕ್ತರ ಪಾಲಾದವು. ಇಂಥವನ್ನು ಬರೆದಿಟ್ಟು ಏನು ಮಾಡುತ್ತೀ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಇದು ಅಪ್ಪನಿಂದ ಬಂದ ಕಾಯಿಲೆ. ಅಪ್ಪ ಮೂವತ್ತೊಂದು ವರ್ಷ ಮಧುಗಿರಿ–ಪಾವಗಡ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಊಟದ ಪಂಕ್ತಿ ಕಂಡರೆ ಸಾಕು, ಒಮ್ಮೆ ಕಣ್ಣಾಡಿಸಿ, "ಐವತ್ತೆರಡು, ಮೂರು ಸ್ಟ್ಯಾಂಡಿಂಗು" ಎನ್ನುತ್ತಾನೆ.

ಅಮ್ಮನ ಬಳಿಯೂ ಒಂದು ಪುಸ್ತಕವಿದೆ. ಕೆಂಪು ರಟ್ಟಿನ ಉದ್ದನೆಯ ಪುಸ್ತಕ, ಅಕ್ಕಿ ಡಬ್ಬದ ಹಿಂದೆ ಇರುತ್ತದೆ. ಅದು ಮುಯ್ಯಿ ಪುಸ್ತಕ. ನಮ್ಮ ಕಡೆ ಮದುವೆ, ನಾಮಕರಣ, ಗೃಹಪ್ರವೇಶ ಯಾವುದೇ ಕಾರ್ಯವಾಗಲಿ, ಬಂದವರು ಕೈಲಾದಷ್ಟು ದುಡ್ಡು ಕೊಡುತ್ತಾರೆ. ಊಟದ ಹಾಲಿನ ಬಾಗಿಲಲ್ಲಿ ಮೇಜು ಹಾಕಿಕೊಂಡು, ಅಕ್ಷರ ದುಂಡಗಿರುವ ನೆಂಟನೊಬ್ಬ ಕೊಟ್ಟವರ ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾನೆ. ಮುಂದೆ ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ, ತೆಗೆದುಕೊಂಡವರು ಹೋಗಿ ಅದನ್ನು ತೀರಿಸಬೇಕು. ತೀರಿಸದೆ ಉಂಡು ಬಂದವರ ಸುದ್ದಿ ಅವರಿಗಿಂತ ಮೊದಲು ಊರು ತಲುಪಿರುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಅಮ್ಮ ಕೊಟ್ಟದ್ದೇ ಕೊಟ್ಟದ್ದು, ಬರೆದಿಟ್ಟದ್ದೇ ಬರೆದಿಟ್ಟದ್ದು. ನಮ್ಮ ಮನೆಯಲ್ಲಿ ಮಾತ್ರ ಒಂದೂ ಕಾರ್ಯವಾಗಿಲ್ಲ. ಮನೆ ತಾತನ ಕಾಲದ್ದು, ಆದ್ದರಿಂದ ಗೃಹಪ್ರವೇಶವಿಲ್ಲ. ನಾನೊಬ್ಬಳೇ ಮಗಳು, ನನಗೆ ಇಪ್ಪತ್ತೊಂಬತ್ತು. ಅಮ್ಮ ಆಗಾಗ ಆ ಪುಸ್ತಕವನ್ನು ಎಮ್ಮೆಯ ಬೆನ್ನು ತಟ್ಟುವಂತೆ ತಟ್ಟಿ, "ನಿನ್ ಮದ್ವೆ ಊಟದ ಖರ್ಚು ಪೂರ್ತಿ ಇದ್ರಾಗೈತೆ ಕಣೆ" ಎನ್ನುತ್ತಿದ್ದಳು. ಅವಳಿಗಿದ್ದ ಒಂದೇ ಉಳಿತಾಯ ಅದು. ಅಪ್ಪನ ಸಂಬಳ ಮನೆಗೆ ಆಗುತ್ತಿತ್ತು. ಇದು ಅವಳು ಹಾಲು ಮಾರಿ, ಊದುಬತ್ತಿ ಹೊಸೆದು, ತನ್ನ ಕೈಯಾರೆ ಊರ ತುಂಬ ಬಿತ್ತಿಟ್ಟ ಬೀಜ.

ಇನ್ನು ಬಾವಿಯ ಮಾತು. ನಮ್ಮದು ಬೆಟ್ಟದ ನೆರಳು ಸಂಜೆಗೆ ಮೊದಲೇ ಬೀಳುವ ಒಂದು ಸಣ್ಣ ಬೀದಿ, ಇಪ್ಪತ್ತೆರಡು ಮನೆ. ಬೀದಿಯ ಕೊನೆಯಲ್ಲಿ ಕಲ್ಲು ಕಟ್ಟಿದ ಬಾವಿ. ಕೊಳವೆ ಬಾವಿ ಬಂದ ಮೇಲೆ ಅದಕ್ಕೆ ಯಾರೂ ಹಗ್ಗ ಬಿಡಲಿಲ್ಲ, ಕಸ ಬಿಟ್ಟರು. ಈ ಕೊಳವೆ ಬಾವಿಯೋ ಮಾರ್ಚ್ ಬಂತೆಂದರೆ ಕೆಮ್ಮಲು ಶುರುಮಾಡುತ್ತದೆ. ಎಷ್ಟು ನಿಮಿಷ ಕೆಮ್ಮುತ್ತದೆ, ಎಷ್ಟು ಬಿಂದಿಗೆ ಉಗುಳುತ್ತದೆ ಎಂದು ನಾನು ಎರಡು ಬೇಸಿಗೆ ಬರೆದಿಟ್ಟೆ. ಮೊದಲ ಬೇಸಿಗೆ ದಿನಕ್ಕೆ ಎಪ್ಪತ್ತು ಬಿಂದಿಗೆ, ಎರಡನೆಯದಕ್ಕೆ ನಲವತ್ತು. ಮೂರನೇ ಬೇಸಿಗೆಗೆ ಎಷ್ಟು ಎಂದು ಲೆಕ್ಕ ಹಾಕಲು ಕಂಡಕ್ಟರನ ಮಗಳೇ ಆಗಬೇಕಿಲ್ಲ. ಮಳೆಗಾಲಕ್ಕೆ ಮೊದಲು ಹಳೆ ಬಾವಿಯ ಹೂಳು ತೆಗೆಸಿ, ನಾಲ್ಕು ಮನೆಗಳ ತಾರಸಿ ನೀರನ್ನು ಅದಕ್ಕೆ ತಿರುಗಿಸಿದರೆ ಎರಡೂ ಬದುಕಬಹುದು ಎಂದರು ತಿಳಿದವರು. ಸಿರಾ ಕಡೆಯ ಹನುಮಂತಣ್ಣ, ಬಾವಿ ಕೆಲಸದಲ್ಲಿ ಹಳೆಯ ಕೈ, ಬಂದು ಒಂದು ಕಲ್ಲು ಹಾಕಿ, ಕಿವಿಗೊಟ್ಟು ಕೇಳಿ, "ನಲವತ್ತೆರಡು ಸಾವ್ರ ಆಯ್ತದೆ ಕಣವ್ವ. ಒಳಗಡೆ ಏನೇನ್ ಹಾಕಿದೀರೋ ಅದ್ರ ಮೇಲೆ" ಎಂದ.

ಅಷ್ಟು ದುಡ್ಡು ಎಲ್ಲಿಂದ? ಆಗ ನಾನು ಕಾಲಕ್ಕೆ ತಕ್ಕ ಕೆಲಸ ಮಾಡಿದೆ. ಫೋನಿನಲ್ಲಿ ಒಂದು ಜಾಲತಾಣ ಹಿಡಿದು, ಬಾವಿಯ ಫೋಟೋ ಹಾಕಿ, ಕ್ರೌಡ್‌ಫಂಡಿಂಗ್ ಶುರುಮಾಡಿದೆ. ತಾಣದವರು "ನಿಮ್ಮ ಕಥೆಯನ್ನು ಮನಮುಟ್ಟುವಂತೆ ಹೇಳಿ" ಎಂದು ಸಲಹೆ ಕೊಟ್ಟಿದ್ದರು. ನಾನು ಎರಡು ಬೇಸಿಗೆಯ ಬಿಂದಿಗೆ ಲೆಕ್ಕವನ್ನು ಕೋಷ್ಟಕ ಮಾಡಿ ಹಾಕಿದೆ. ನನಗೆ ಅದು ಮನಮುಟ್ಟುವಂತೆಯೇ ಇತ್ತು. ಮೂವತ್ತು ದಿನಗಳಲ್ಲಿ ಅದನ್ನು ನಾನೂರ ಹನ್ನೆರಡು ಜನ ನೋಡಿದರು, ಮೂವರು ಕೊಟ್ಟರು. ಒಬ್ಬರು ಹೆಸರು ಹೇಳದೆ ಸಾವಿರ ಹಾಕಿದ ಪುಣ್ಯಾತ್ಮರು. ಇನ್ನೊಬ್ಬರು ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು, ನೂರೈವತ್ತು. ಮೂರನೆಯವಳು ನಾನೇ. ದುಡ್ಡು ಸರಿಯಾಗಿ ಹೋಗುತ್ತದೋ ಇಲ್ಲವೋ ಎಂದು ನೋಡಲು ಹತ್ತು ರೂಪಾಯಿ ಕಳಿಸಿದ್ದೆ. ತಾಣದಿಂದ ಕೂಡಲೇ ಸಂದೇಶ ಬಂತು: "ಅಭಿನಂದನೆಗಳು! ನಿಮ್ಮ ದೊಡ್ಡ ಮನಸ್ಸಿಗೆ ಧನ್ಯವಾದ."

ನಮ್ಮ ಸೀಮೆಯ ಕೆರೆ ಏರಿಗಳ ಮೇಲೆ, ತೂಬಿನ ಪಕ್ಕದಲ್ಲಿ ಅಲ್ಲಲ್ಲಿ ಬರಹದ ಕಲ್ಲುಗಳು ನಿಂತಿರುವುದನ್ನು ನೀವು ನೋಡಿರಬಹುದು. ಹಳೆಯ ಅಕ್ಷರ ನನಗೆ ಓದಲು ಬಾರದು. ಓದಬಲ್ಲವರು ಹೇಳುವ ಪ್ರಕಾರ ಅವುಗಳಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳಿರುತ್ತವಂತೆ. ಯಾರು ಕಟ್ಟಿಸಿದರು, ಯಾರು ಎಷ್ಟು ಗದ್ದೆ ಬಿಟ್ಟುಕೊಟ್ಟರು, ಮತ್ತು ಇದನ್ನು ಕೆಡಿಸಿದವರಿಗೆ ಗಂಗೆಯ ದಡದಲ್ಲಿ ಹಸು ಕೊಂದ ಪಾಪ ಬರಲಿ. ಜಾಲತಾಣದಲ್ಲಿ ಮೊದಲ ಎರಡಕ್ಕೆ ಜಾಗವಿತ್ತು, ಮೂರನೆಯದಕ್ಕೆ ಒತ್ತುವ ಗುಂಡಿ ಇರಲಿಲ್ಲ. ಇದ್ದಿದ್ದರೆ, ನೋಡಿ ಸುಮ್ಮನೆ ಮುಂದೆ ಹೋದ ನಾನೂರ ಒಂಬತ್ತು ಜನರ ವಿಷಯದಲ್ಲಿ ನಾನು ಏನು ಮಾಡುತ್ತಿದ್ದೆನೋ ಹೇಳಲಾರೆ. ಹಳಬರು ಮನುಷ್ಯನನ್ನು ಬಲ್ಲವರು. ಹೊಗಳಿಕೆಯೊಂದರಿಂದಲೇ ಕೆರೆ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಅಪ್ಪ ಮಾತ್ರ ಮೊದಲ ದಿನದಿಂದಲೇ ನಗುತ್ತಿದ್ದ. "ಕ್ರೌಡು ಅಂತೀಯ, ಫಂಡಿಂಗು ಅಂತೀಯ. ಕ್ರೌಡೇ ಇಲ್ವಲ್ಲಮ್ಮಾ! ಖಾಲಿ ಬಸ್ಸಿಗೆ ಯಾವ ಕಂಡಕ್ಟರು ರೈಟು ಅಂತಾನೆ?"

ದಾರಿ ತೋರಿಸಿದ್ದು ಪಕ್ಕದ ಮನೆಯ ಶಮೀಮಕ್ಕ. ಸಿರಾದಿಂದ ನಮ್ಮ ಬೀದಿಗೆ ಮದುವೆಯಾಗಿ ಬಂದವರು, ಬ್ಲೌಸು ಹೊಲಿಯುತ್ತಾರೆ. ಅಳತೆ ತೆಗೆದುಕೊಳ್ಳುವಾಗ ಅವರಿಗೆ ಗೊತ್ತಾಗದ ಗುಟ್ಟು ಬೀದಿಯಲ್ಲಿಲ್ಲ. "ಅರೆ ಬೇಟಿ, ಫೋನಲ್ಲಿ ಕೇಳಿದ್ರೆ ಯಾರ್ ಕೊಡ್ತಾರೆ? ಮುಖ ನೋಡ್ಬೇಕು. ಒಂದು ಮೇಜ್ ಹಾಕು ಬಾವಿ ಮುಂದೆ. ಬುಕ್ ಇಟ್ಕೊಂಡು ಕೂತ್ಕೋ. ಬಂದವರಿಗೆ ಬಾಯಿ ಸಿಹಿ ಮಾಡ್ಸು. ಕೊಡದೆ ಹೆಂಗೆ ಹೋಗ್ತಾರೆ, ನೋಡೇ ಬುಡಾಣ!" ಎಂದರು. ಅವರ ಬಾಯಲ್ಲಿದ್ದ ಸೂಜಿ ಕೂಡ ಒಪ್ಪಿಗೆಯಿಂದ ತಲೆಯಾಡಿಸಿತು.

ಇಲ್ಲಿಂದ ಮುಂದೆ ನಡೆದದ್ದರಲ್ಲಿ ಯಾರ ತಪ್ಪು ಎಷ್ಟು ಎಂದು ನನ್ನ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಮೊದಲ ತಪ್ಪು ನನ್ನದು. ಕರಪತ್ರ ಮಾಡಿಸಲು ಪ್ರೆಸ್ಸಿಗೆ ಹೋದಾಗ ಅಲ್ಲಿಯವರು, "ಬಿಳಿ ಕಾಗದ ದುಬಾರಿ, ಮದುವೆ ಕಾರ್ಡು ಒಂದು ಕಟ್ಟು ಹಾಗೇ ಉಳಿದಿದೆ, ಅರ್ಧ ರೇಟಿಗೆ ಹಾಕಿಕೊಡುತ್ತೇನೆ" ಎಂದರು. ಸಾರ್ವಜನಿಕರ ದುಡ್ಡು ಉಳಿಸಬೇಕೆಂಬ ಹುರುಪಿನಲ್ಲಿ ಒಪ್ಪಿಕೊಂಡೆ. ಹಳದಿ ಕಾರ್ಡು, ಕೆಂಪು ಅಕ್ಷರ. ಮೇಲೆ ಗಣಪತಿ, ಕೆಳಗೆ "ತಾವು ಸಕುಟುಂಬ ಸಮೇತರಾಗಿ ಆಗಮಿಸಿ", ಅದರ ಕೆಳಗೆ ಅಪ್ಪ ಅಮ್ಮನ ಹೆಸರು. ನಡುವೆ ಎಲ್ಲೋ ಒಂದು ಸಾಲಿನಲ್ಲಿ ಬಾವಿ. ಎರಡನೆಯ ತಪ್ಪು ಅಮ್ಮನದು. ಯಾರು ಯಾರನ್ನು ಕರೆಯೋಣ ಎಂದಾಗ ಅವಳು ಅಕ್ಕಿ ಡಬ್ಬದ ಹಿಂದಿನಿಂದ ಕೆಂಪು ಪುಸ್ತಕ ತೆಗೆದಳು. ಅವಳಿಗೆ ಗೊತ್ತಿರುವ ವಿಳಾಸಗಳೆಲ್ಲ ಇದ್ದದ್ದು ಅದರಲ್ಲೇ. ಅದನ್ನು ಹಿಡಿದು ಕೊರಟಗೆರೆ, ಸಿರಾ, ಪಾವಗಡದವರೆಗೆ ಬಸ್ಸು ಹತ್ತಿ ಇಳಿದು, ಒಂದೊಂದು ಮನೆಗೂ ಕುಂಕುಮ ಇಟ್ಟು ಕಾರ್ಡು ಕೊಟ್ಟು ಬಂದಳು. ಮೂರನೆಯ ತಪ್ಪಿಗೆ ಹೊಣೆ ಯಾರೂ ಅಲ್ಲ. ಹೊಸ ನೋಟುಪುಸ್ತಕದ ನಾಲ್ಕು ಮೂಲೆಗೂ ಅರಿಸಿನ ಹಚ್ಚುವುದು ನಮ್ಮ ಮನೆಯ ರೂಢಿ. ಮುಯ್ಯಿ ಪುಸ್ತಕಕ್ಕೆ ಊರೆಲ್ಲ ಹಚ್ಚುವುದೂ ಅದನ್ನೇ.

ಮಾರ್ಚ್ ಹದಿನೇಳು, ಬೆಳಗ್ಗೆ ಒಂಬತ್ತಕ್ಕೆ, ಬಾವಿಯ ಮುಂದೆ ಮೇಜು ಹಾಕಿ ಕೂತೆ. ಶಮೀಮಕ್ಕ ಮೇಜಿಗೆ ಹಸಿರು ಬಟ್ಟೆ ಹೊದಿಸಿದರು. ಅಪ್ಪ ಕೇಸರಿಬಾತಿನ ಪಾತ್ರೆಯ ಹತ್ತಿರ ನಿಂತು, "ಮುಂದೆ ನಡೀರಿ, ಮುಂದೆ ನಡೀರಿ, ಒಳಗೆ ಜಾಗ ಇದೆ" ಎಂದು ತನ್ನ ಹಳೆಯ ದನಿಯನ್ನು ಹೊರತೆಗೆದ. ಜನ ಬಂದರು. ಎಷ್ಟು ಬಂದರೆಂದರೆ ನಾನು ತಲೆಯೆತ್ತಲಿಲ್ಲ. ಹೆಂಗಸರು ರೇಷ್ಮೆ ಸೀರೆ ಉಟ್ಟಿದ್ದರು. ಬಾವಿಯ ಹೂಳೆತ್ತಲು ಇಷ್ಟು ಸಿಂಗಾರವೇ ಎಂದು ನನಗೆ ಕಣ್ಣು ತುಂಬಿ ಬಂತು. ಮಧುಗಿರಿಯಲ್ಲಿ ಪರಿಸರ ಪ್ರಜ್ಞೆ ಈ ಮಟ್ಟಕ್ಕೆ ಬೆಳೆದಿದೆ ಎಂದು ಅವತ್ತಿನ ಪುಟದಲ್ಲಿ ಬರೆದಿದ್ದೇನೆ. ಅಳಿಸಿಲ್ಲ, ಶಿಕ್ಷೆಗೆಂದು ಹಾಗೇ ಇಟ್ಟಿದ್ದೇನೆ.

ಅನುಮಾನ ಬರಬೇಕಾಗಿತ್ತು. ಅಮ್ಮನ ಹಳೆಯ ಗೆಳತಿ, ಕೊರಟಗೆರೆಯ ರಂಗಮ್ಮ ನನ್ನ ಗಲ್ಲ ಹಿಡಿದು, "ಏನ್ ಕಾರ್ಯ ಕಣೆ?" ಎಂದರು.

"ಬಾವಿ ಹೂಳೆತ್ತೋದು ಅತ್ತೆ."

"ಅದ್ ಸರಿ ಕಣೆ. ಕಾರ್ಯ ಏನು ಅಂದೆ."

"ಅದೇ ಅತ್ತೆ, ಬಾವಿ."

"ಹೂಂ, ಈಗಿನ ಹುಡ್ಗೀರು ಏನೂ ಬಾಯ್ಬುಡಾಕಿಲ್ಲ ಬುಡು" ಎಂದು ಕವರು ಮೇಜಿನ ಮೇಲಿಟ್ಟು ಕೇಸರಿಬಾತಿನ ಕಡೆ ನಡೆದರು. ನಾಗಲಮಡಿಕೆ ಕಡೆಯ ಒಬ್ಬ ಅಜ್ಜ, ಅಪ್ಪನ ಬಸ್ಸಿನ ಕಾಯಂ ಪ್ರಯಾಣಿಕ, "ನೂಟ ಪದಹಾರು ರಾಸ್ಕೋಮ್ಮಾ" ಎಂದು ಸರಿಯಾಗಿ ನೂರ ಹದಿನಾರು ಎಣಿಸಿ ಕೊಟ್ಟರು. ತೆಲುಗಾಡುವ ಆ ಕಡೆಯವರ ಶುಭದ ಸಂಖ್ಯೆ ಅದು. ಒಬ್ಬರು ಸ್ಟೀಲಿನ ಬಕೆಟ್ಟು ತಂದಿದ್ದರು, ಬಾವಿಗೆ ಬೇಕಾದದ್ದೇ ಎಂದು ಖುಷಿಯಾದೆ. ಇನ್ನೊಬ್ಬರು ಗೋಡೆ ಗಡಿಯಾರ ತಂದಿದ್ದರು. ಬಾವಿಗೆ ಗಡಿಯಾರ ಯಾಕೆ ಎಂದು ಒಂದು ಕ್ಷಣ ಯೋಚಿಸಿ, ಅದನ್ನೂ ಬರೆದುಕೊಂಡೆ. ಹೋಗುವಾಗ ಬಹಳ ಜನ ಬಗ್ಗಿ ಕಿವಿಯಲ್ಲಿ ಒಂದೇ ತರಹದ ಮಾತು ಹೇಳಿದರು: "ನಮ್ ದೊಡ್ಡೋನ್ ಮದ್ವೇಲಿ ನಿಮ್ಮಮ್ಮ ಇನ್ನೂರು ಹಾಕಿದ್ಲು ಕಣವ್ವ. ಮರ್ತಿಲ್ಲ ಅಂತ ಹೇಳು." ಹೇಳುತ್ತೇನೆ ಎಂದೆ. ನಮ್ಮ ಊರಿನವರ ಜ್ಞಾಪಕಶಕ್ತಿಯನ್ನು ಮೆಚ್ಚಿಕೊಂಡೆ.

ಮಧ್ಯಾಹ್ನ ಮೂರಕ್ಕೆ ನೂರ ಮೂವತ್ತೊಂದು ಹೆಸರು, ನಲವತ್ತೊಂದು ಸಾವಿರದ ಇನ್ನೂರ ಏಳು ರೂಪಾಯಿ. ಜಾಲತಾಣದ ಸಾವಿರದ ನೂರ ಅರವತ್ತು ಸೇರಿ ಗುರಿ ಮುಟ್ಟಿತ್ತು. ಹನುಮಂತಣ್ಣ ಸ್ಥಳದಲ್ಲೇ ಮುಂಗಡ ಇಸಿದುಕೊಂಡು ಕೇಸರಿಬಾತು ತಿಂದು ಹೋದ. ನಾನು ಗೆದ್ದವಳಂತೆ ಪುಸ್ತಕವನ್ನು ಅಮ್ಮನ ಕೈಗಿತ್ತೆ.

ಅಮ್ಮ ಜಗಲಿಯ ಮೇಲೆ ಕೂತು ಓದತೊಡಗಿದಳು. ಮೊದಲ ಪುಟ ನಗುತ್ತ ಓದಿದಳು. ಎರಡನೆಯ ಪುಟದಲ್ಲಿ ನಗು ನಿಂತಿತು. ಎದ್ದು ಒಳಗೆ ಹೋಗಿ ಕೆಂಪು ಪುಸ್ತಕ ತಂದು, ಎರಡನ್ನೂ ತೊಡೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ಓದಿದಳು. "ರಂಗಮ್ಮ. ನಾನ್ ಹಾಕಿದ್ದು ನೂರೈವತ್ತು. ಇಲ್ಲಿ ನೂರೈವತ್ತೊಂದು. ಕುಂಬಾರ ಬೀದಿ ಗಿರಿಜಮ್ಮ, ನಾನ್ ಇನ್ನೂರು. ಇಲ್ಲಿ ಇನ್ನೂರ ಹತ್ತು. ನಾಗಲಮಡಿಕೆ ಅಜ್ಜ..." ಬೆರಳು ನಿಂತಿತು. "ಲೇ, ಇವರ್ಯಾರೂ ಬಾವಿಗೆ ಕೊಟ್ಟಿಲ್ಲ ಕಣೆ. ನಂಗೆ ತೀರ್ಸವ್ರೆ."

ಶಮೀಮಕ್ಕ ಮೆಲ್ಲಗೆ ಹಸಿರು ಬಟ್ಟೆ ಮಡಿಸತೊಡಗಿದರು.

"ಇಪ್ಪತ್ತೆರಡ್ ವರ್ಷ ಕಣೆ" ಎಂದಳು ಅಮ್ಮ. "ನಿನ್ ಮದ್ವೆ ಊಟನೆಲ್ಲ ತಗೊಂಡೋಗಿ ಬಾವಿಗೆ ಹಾಕ್ಬುಟ್ಯಲ್ಲೇ!"

ಅಪ್ಪ ಸಮಾಧಾನ ಹೇಳಲು ಹೋಗಿ, ಪಾವಗಡ ಬಸ್ಸಿನ ತೆಲುಗು ಬೆರೆಸಿ, "ಪೋನೀಲೇ ಜಯಾ, ಹೋಗ್ಲಿ ಬಿಡು, ಪುಸ್ತಕ ಹಿಡ್ಕೊಂಡ್ ಮನೆಮನೆಗೆ ಕಾರ್ಡ್ ಹಂಚಿದ್ದು ನೀನೇ ಅಲ್ವಾ" ಎಂದ. ಹೇಳಬೇಕಾದ ಮಾತಲ್ಲ. ಆಮೇಲೆ ಆರು ದಿನ ಅಮ್ಮ ನಮ್ಮಿಬ್ಬರ ಜೊತೆಯೂ ಮಾತಾಡಲಿಲ್ಲ. ನನಗೆ ಹೇಳಬೇಕಾದದ್ದನ್ನು ಒಲೆಗೆ ಹೇಳುತ್ತಿದ್ದಳು, ಅಪ್ಪನಿಗೆ ಹೇಳಬೇಕಾದದ್ದನ್ನು ಬೆಕ್ಕಿಗೆ. ನಾನು ಮೂರನೆಯ ದಿನ ಒಲೆಯ ಪಕ್ಕ ನಿಂತು, ದುಡ್ಡನ್ನು ಎಲ್ಲರಿಗೂ ವಾಪಸು ಕೊಟ್ಟು ವಿಷಯ ತಿಳಿಸಿಬಿಡೋಣವೇ ಎಂದು ಕೇಳಿದೆ. ಅಮ್ಮ ಒಲೆಗೆ ಹೇಳಿದಳು: "ಮುಯ್ಯಿ ವಾಪಸ್ ಕೊಡೋದು ಮದ್ವೆ ಮುರ್ದು ಬಿದ್ದಾಗ. ನಮ್ಮನೇಲಿ ಏನ್ ಮುರ್ದೈತೆ ಅಂತ ಕೇಳ್ತಾರೆ ಜನ."

ಅತ್ತ ಹನುಮಂತಣ್ಣ ಮೂರು ಕಾಲಿನ ಮರದ ಗಡಗಡೆ ನಿಲ್ಲಿಸಿ ಕೆಲಸ ಹಿಡಿದಿದ್ದ. ಬಾವಿಯೊಳಗಿಂದ ಮೇಲೆ ಬಂದದ್ದನ್ನೆಲ್ಲ ಎಂದಿನಂತೆ ಬರೆದುಕೊಂಡೆ. ಜೋಡಿಯಿಲ್ಲದ ಚಪ್ಪಲಿ ಹದಿನಾಲ್ಕು, ಸೈಕಲ್ಲಿನ ರಿಮ್ಮು ಎರಡು, ಗಣೇಶನ ಮರದ ಚೌಕಟ್ಟು ಒಂಬತ್ತು, ಟಿವಿ ಒಂದು. ಐದನೆಯ ದಿನ ಒಂದು ಹಿತ್ತಾಳೆ ಬಿಂದಿಗೆ ಬಂತು. ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಕಳೆದುಹೋದ, ಅಮ್ಮನ ತವರಿನ ಬಿಂದಿಗೆ. ಅದನ್ನು ಮೂಲೆಮನೆಯವರು ಎತ್ತಿಕೊಂಡು ಹೋಗಿದ್ದಾರೆ ಎಂದು ಅಮ್ಮ ಇಷ್ಟು ವರ್ಷವೂ ನಂಬಿದ್ದಳು. ಮೂಲೆಮನೆಯವರಿಗೂ ಅದು ಗೊತ್ತಿತ್ತು. ಅಮ್ಮ ಆ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದಳು, ಬಹಳ ಹೊತ್ತು ಉಜ್ಜಿದಳು. ಮರುದಿನ ಮೂಲೆಮನೆಗೆ ಆರು ಹೋಳಿಗೆ ಹೋದವು. ಕಾರಣ ಹೇಳಲಿಲ್ಲ, ಅವರೂ ಕೇಳಲಿಲ್ಲ.

ನನಗೆ ಬೇರೆ ಉಪಾಯ ತಿಳಿಯದೆ, ತಿಳಿದಿದ್ದನ್ನೇ ಮಾಡಿದೆ. ಎರಡೂ ಪುಸ್ತಕ ಇಟ್ಟುಕೊಂಡು ಕೋಷ್ಟಕ ಮಾಡಿದೆ. ನೂರ ಮೂವತ್ತೊಂದರಲ್ಲಿ ಹದಿಮೂರು ಜನ ಸುಮ್ಮನೆ ದಾರಿಯಲ್ಲಿ ಹೋಗುತ್ತಿದ್ದು ಕೇಸರಿಬಾತಿನ ವಾಸನೆಗೆ ಬಂದವರು. ಉಳಿದ ನೂರ ಹದಿನೆಂಟೂ ಅಮ್ಮನ ಪುಸ್ತಕದವರೇ. ಅವರಲ್ಲಿ ನಾಲ್ವರು ಕಡಿಮೆ ಹಾಕಿದ್ದರು. ಒಂಬತ್ತು ಜನ ಸರಿಸಮ ಹಾಕಿದ್ದರು. ನೂರ ಐದು ಜನ ಅಮ್ಮ ಕೊಟ್ಟದ್ದಕ್ಕಿಂತ ಹೆಚ್ಚು ಹಾಕಿದ್ದರು. ಒಂದು ರೂಪಾಯಿ, ಹತ್ತು, ಐವತ್ತು, ಹೀಗೆ. ಎಲ್ಲ ಸೇರಿಸಿದರೆ ನಾಲ್ಕು ಸಾವಿರಕ್ಕೂ ಮೇಲಾಗುತ್ತಿತ್ತು. ಆರನೆಯ ದಿನ ಸಂಜೆ ಆ ಹಾಳೆಯನ್ನು ಅಮ್ಮನ ಮುಂದೆ ಇಟ್ಟು, "ನೋಡಮ್ಮ, ಎಲ್ಲ ಹೋಯ್ತು ಅಂತೀಯಲ್ಲ, ನಿನಗೆ ಲಾಭವೇ ಬಂದಿದೆ" ಎಂದೆ.

ಅಮ್ಮ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಆರು ದಿನಗಳಲ್ಲಿ ಮೊದಲ ಸಲ ನನ್ನನ್ನೇ ನೋಡಿ ಮಾತಾಡಿದಳು.

"ಲಾಭ ಅಲ್ಲ ಕಣೆ ದಡ್ಡಿ. ಸಾಲ."

"ಸಾಲವಾ?"

"ಹೆಚ್ಚಿಗೆ ಹಾಕವ್ರೆ ಅಂದ್ರೆ ನಾನ್ ತೀರಿಸ್ಬೇಕು ತಾನೆ? ನೂರೈದು ಮನೆ! ರಂಗಮ್ಮನ ಮೊಮ್ಮಗಳದ್ದು ಮೇ ತಿಂಗಳಲ್ಲಿ ಮದ್ವೆ. ಗಿರಿಜಮ್ಮ ಮನೆ ಕಟ್ಟಿಸ್ತಾವ್ಳೆ..." ಅವಳ ದನಿಯಲ್ಲಿ ದುಃಖವಿರಲಿಲ್ಲ. ತವರಿಗೆ ಹೊರಡುವವಳ ಗಡಿಬಿಡಿ ಇತ್ತು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಲೆಕ್ಕವೆಂದರೆ ಎರಡು ಕಡೆಯೂ ಸಮವಾಗಿ ಕೊನೆಗೆ ಸೊನ್ನೆ ಬರಬೇಕು ಎಂದು ತಿಳಿದವಳು ನಾನು. ಕಚೇರಿಯಲ್ಲಿ ಸೊನ್ನೆ ಬರದಿದ್ದರೆ ಮನೆಗೆ ಬಿಡುವುದಿಲ್ಲ. ಮುಯ್ಯಿಯಲ್ಲಿ ಸೊನ್ನೆ ಬಂದರೆ ಮನೆಗೆ ಸೇರಿಸುವುದಿಲ್ಲ. ತೀರಿಸುವಾಗ ಒಂದು ರೂಪಾಯಿಯಾದರೂ ಹೆಚ್ಚು ಹಾಕುವುದು ಜಿಪುಣತನಕ್ಕೂ ಅಲ್ಲ, ಧಾರಾಳಕ್ಕೂ ಅಲ್ಲ, ನೀವು ಮತ್ತೆ ನಮ್ಮ ಮನೆಗೆ ಬರಲೇಬೇಕು ಎಂದು ಹೇಳುವುದಕ್ಕೆ. ಆರು ದಿನ ಅಮ್ಮ ಕೊರಗಿದ್ದು ಬರೀ ದುಡ್ಡಿಗಾಗಿರಲಿಲ್ಲ. ನೂರಾರು ಮನೆಗಳು ಒಂದೇ ದಿನ ತನ್ನ ಲೆಕ್ಕ ಚುಕ್ತಾ ಮಾಡಿ ಎದ್ದು ಹೋದವು ಎಂಬ ದಿಗಿಲಿತ್ತು ಅದರಲ್ಲಿ. ಪಾಪ, ಅವಳು ಮೊತ್ತ ಓದಿದ್ದಳು, ದುಃಖದಲ್ಲಿ ಕಳೆದು ನೋಡಿರಲಿಲ್ಲ.

ಕಡಿಮೆ ಹಾಕಿದ ನಾಲ್ವರನ್ನು ಅಮ್ಮ, "ಪಾಪ, ಕಷ್ಟದಾಗವ್ರೆ" ಎಂದು ಅಲ್ಲೇ ಕ್ಷಮಿಸಿದಳು. ಅವಳ ನಿದ್ದೆ ಕೆಡಿಸಿದ್ದು ಸರಿಸಮ ಹಾಕಿದ ಒಂಬತ್ತು ಜನ. "ಇವರ್ಯಾಕೆ ಹಿಂಗ್ ಕತ್ತರಿಸ್ದಂಗೆ ಕೊಟ್ರು? ನಮ್ಮೇಲೆ ಏನ್ ಕೋಪ?" ಭಾನುವಾರ ನುಗ್ಗೇಕಾಯಿ ಕಟ್ಟಿಕೊಂಡು ಒಂಬತ್ತೂ ಮನೆಗೆ ಹೊರಟಳು, ನಾನು ಜೊತೆಗೆ. ಮೊದಲ ಮನೆಯಲ್ಲೇ ಆ ಹೆಂಗಸು ಹಣೆ ಬಡಿದುಕೊಂಡರು. "ಅಯ್ಯೋ ಜಯಕ್ಕ, ಅವತ್ತು ಚಿಲ್ಲರೆ ಇರ್ಲಿಲ್ಲ ಕಣಕ್ಕ! ಅಂಗೇ ಕೊಟ್ಬುಟ್ಟು ಬಂದು, ಮನಸ್ಸು ಕಚಕಚ ಅಂತಿತ್ತು" ಎಂದು ಒಳಗೆ ಓಡಿ ಹನ್ನೊಂದು ರೂಪಾಯಿ ತಂದು ಅಮ್ಮನ ಕೈಗೆ ತುರುಕಿದರು. ಸಂಜೆಯ ಹೊತ್ತಿಗೆ ಎಂಟು ಮನೆಗಳು ಹೀಗೆ ಮತ್ತೆ ಸೇರಿಕೊಂಡವು. ಒಂಬತ್ತನೆಯವರು ನಿಜಕ್ಕೂ ಕೋಪದಲ್ಲಿದ್ದರು. ಏಳು ವರ್ಷದ ಹಿಂದೆ ಅವರ ಮನೆಯ ಊಟದಲ್ಲಿ ಅಮ್ಮ ಪಾಯಸಕ್ಕೆ ಸಿಹಿ ಕಡಿಮೆ ಎಂದಿದ್ದಳಂತೆ. ಅಮ್ಮ ಅಲ್ಲೇ ಕೂತು, ಅವರು ಮಾಡಿಕೊಟ್ಟ ಕಾಫಿಯನ್ನು ಕುಡಿದು, ಸಿಹಿ ಜಾಸ್ತಿಯಾಯಿತು ಎಂದು ಹೊಗಳಿದಳು. ಹೊರಡುವಾಗ ಅವರೂ ಐದು ರೂಪಾಯಿ ಕೊಟ್ಟರು.

ಏಪ್ರಿಲ್ ಎರಡರಂದು ಬಾವಿಯಲ್ಲಿ ನೀರು ಕಂಡಿತು. ಹನುಮಂತಣ್ಣ ತಳದಿಂದ ಕೂಗಿದ, ನಾವು ಮೇಲಿನಿಂದ ಕೂಗಿದೆವು, ಏನು ಕೂಗಿದೆವೋ ಗೊತ್ತಿಲ್ಲ. ಮೊದಲು ಕೆಸರು, ಆಮೇಲೆ ಮಜ್ಜಿಗೆಯ ಬಣ್ಣ, ನಾಲ್ಕನೆಯ ದಿನಕ್ಕೆ ತಿಳಿ. ಕೊಳವೆ ಬಾವಿ ಕೆಮ್ಮುವ ಹೊತ್ತಿನಲ್ಲಿ ಬೀದಿಯವರು ಇಲ್ಲಿ ಹಗ್ಗ ಬಿಡತೊಡಗಿದರು. ಒಂದು ವಾರ ಅಮ್ಮ ಜಗಲಿಯಲ್ಲಿ ಕೂತು ಇದನ್ನು ನೋಡಿದಳು. ಎಂಟನೆಯ ದಿನ ಸೆರಗು ಸಿಕ್ಕಿಸಿ ಎದ್ದಳು.

ಅವಳ ವಾದ ಸರಳವಾಗಿತ್ತು. ದುಡ್ಡು ಬಂದದ್ದು ತನ್ನ ಹೆಸರಿಗೆ, ಇಳಿದದ್ದು ಬಾವಿಗೆ, ನೀರು ಸೇದುವುದು ಇಡೀ ಬೀದಿ. ಆದ್ದರಿಂದ ಹೆಚ್ಚಿಗೆ ಬಂದದ್ದನ್ನು ತೀರಿಸುವ ಹೊಣೆ ಬೀದಿಯದು. ಅವರಲ್ಲಿ ಯಾರ ಮನೆಯ ಕಾರ್ಯಕ್ಕೆ ಕರೆ ಬಂದರೂ ಬೀದಿಯ ಒಂದೊಂದು ಮನೆಯಿಂದ ಹತ್ತು ರೂಪಾಯಿ. ಶಮೀಮಕ್ಕ ಕೂಡಲೇ, "ಸಹೀ ಬಾತ್ ಅಕ್ಕಾ, ನೀರು ಕುಡ್ದವರು ಹಿಸಾಬ್ ಕೊಡ್ಬೇಕು" ಎಂದು ಮೊದಲ ಹತ್ತು ಕೊಟ್ಟರು. ಮೂಲೆಮನೆಯ ಯಜಮಾನರು, "ನಮ್ದು ಸ್ವಂತ ಬೋರೈತೆ, ನಮಗ್ಯಾಕಮ್ಮ ಇದೆಲ್ಲ?" ಎಂದರು.

"ಬ್ಯಾಡ ಬುಡಣ್ಣ" ಎಂದಳು ಅಮ್ಮ. "ನಿಮ್ ಬೋರು ಬತ್ತಿದ್ ದಿನ ಬಿಂದಿಗೆ ಹಿಡ್ಕೊಂಡ್ ಬಂದ್ರೆ ನಾನೇನೂ ಅನ್ನಾಕಿಲ್ಲ. ಬೀದಿ ಏನಂತದೋ ನಂಗೊತ್ತಿಲ್ಲ."

ಯಜಮಾನರು ಒಳಗೆ ಹೋಗಿ ಇಪ್ಪತ್ತು ತಂದರು. ನನ್ನ ಜಾಲತಾಣ ಮೂವತ್ತು ದಿನಗಳಲ್ಲಿ ಮಾಡಲಾರದ್ದನ್ನು ಅಮ್ಮ ಬೀದಿಯ ಒಂದು ಸುತ್ತಿನಲ್ಲಿ, ಕೋಷ್ಟಕವಿಲ್ಲದೆ ಮಾಡಿದ್ದಳು.

ಮೇ ತಿಂಗಳಲ್ಲಿ ರಂಗಮ್ಮನ ಮೊಮ್ಮಗಳ ಮದುವೆಗೆ ಕೊರಟಗೆರೆಯ ಛತ್ರಕ್ಕೆ ಹೋದೆವು. ಊಟದ ಹಾಲಿನ ಬಾಗಿಲಲ್ಲಿ ಮೇಜು, ದುಂಡಕ್ಷರದ ನೆಂಟ. ಅಮ್ಮ ಬ್ಯಾಗಿನಿಂದ ಒಂದು ಕವರು ತೆಗೆದಳು. "ಜಯಮ್ಮ, ಮಧುಗಿರಿ. ಇನ್ನೂರ ಒಂದು" ಎಂದಳು. ಮನೆಗೆ ಹೋದ ಮೇಲೆ ಬರೆಯಲು ಅವಳು ಒಂದು ಹೊಸ ಪುಸ್ತಕ ತರಿಸಿದ್ದು ನನಗೆ ಗೊತ್ತಿತ್ತು. ಐವತ್ತಾರನೆಯ ವಯಸ್ಸಿನಲ್ಲಿ ಅವಳು ನನ್ನ ಮದುವೆ ಊಟಕ್ಕೆ ಮೊದಲ ಪುಟದಿಂದ ಮತ್ತೆ ಶುರುಮಾಡುತ್ತಿದ್ದಳು. ನಾನು ಊಟದ ಹಾಲಿನ ಕಡೆ ತಿರುಗಿದೆ. ಆದರೆ ಅಮ್ಮ ಮೇಜು ಬಿಟ್ಟು ಕದಲಲಿಲ್ಲ. ಇನ್ನೊಂದು ಕವರು ತೆಗೆದಳು.

"ಇದು ಯಾರ ಹೆಸರಿಗಮ್ಮ?"

"ಬಾವಿ ಬೀದಿ ಅಂತ ಬರ್ಕೊಳಪ್ಪ."

ಅವನು ಪೆನ್ನು ಎತ್ತಿದ. "ಬೀದಿ ಹೆಸರಿಗೆ ಹೆಂಗಮ್ಮ ಬರೀಲಿ? ನಾಳೆ ನಾವು ತೀರಿಸ್ಬೇಕಲ್ಲ. ಬೀದಿಗೇನು ಮದುವೆ ಆಗ್ತದಾ?"

"ಯಾಕಾಗಾಕಿಲ್ಲ?" ಎಂದಳು ಅಮ್ಮ. "ಇನ್ನೊಂದ್ ಹತ್ತು ವರ್ಷಕ್ಕೆ ಬಾವೀಲಿ ಮತ್ತೆ ಹೂಳು ತುಂಬ್ತದೆ. ಅವತ್ತೇ ಕಾರ್ಯ. ಕಾರ್ಡು ಕಳಿಸ್ತೀವಿ, ಮನೆಮಂದಿಯೆಲ್ಲ ತಪ್ಪದೆ ಬನ್ನಿ."